ಬಾಡಿಗೆ ಮನೆಯ ಮಹಜರು

ನಮ್ಮ ಅತ್ತೆ ಮನೆ ನೋಡಲು ಬರುತ್ತಾರೆಂದು ಗೊತ್ತಾದರೆ ಸಾಕು, ರಾಮನಗರದ ಬ್ರೋಕರುಗಳು ಫೋನನ್ನು ಕಿವಿಯಿಂದ ದೂರ ಹಿಡಿದು “ಹಲೋ, ಹಲೋ, ಕೇಳಿಸ್ತಿಲ್ಲ” ಎನ್ನಲು ಶುರುಮಾಡುತ್ತಾರೆ! ಇದರಲ್ಲಿ ಉತ್ಪ್ರೇಕ್ಷೆ ಇಲ್ಲ. ಇದ್ದರೂ ಸ್ವಲ್ಪ. ಒಬ್ಬ ಬ್ರೋಕರ್ ಖಂಡಿತ ಹಾಗೆ ಮಾಡಿದ. ಇನ್ನೊಬ್ಬನೂ ಮಾಡಿದನೋ, ಅಥವಾ ನೆಂಟರ ಮನೆಗಳಲ್ಲಿ ಈ ಕಥೆ ಹೇಳಿ ಹೇಳಿ ನಾನೇ ಒಬ್ಬನನ್ನು ಇಬ್ಬರಾಗಿಸಿದೆನೋ, ಈಗ ಪ್ರಮಾಣ ಮಾಡಿ ಹೇಳಲಾರೆ. ಪ್ರಮಾಣ ಮಾಡಿ ಹೇಳಲಾಗದ್ದನ್ನು ಹೇಳಬಾರದೆಂದು ನನಗೆ ಕಲಿಸಿದವರೂ ಇದೇ ಅತ್ತೆ. ಹಾಗಾಗಿ ಈ ಬರಹವನ್ನು ಅವರು ಓದಿಸಿಕೊಂಡರೆ ಮೊದಲ ಪ್ಯಾರಾದಲ್ಲೇ ನನ್ನನ್ನು ಕಟಕಟೆ ಹತ್ತಿಸುತ್ತಾರೆ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಅರವತ್ತು ದಾಟಿದ ಸಿವಿಲ್ ವಕೀಲೆ. ಮರಳವಾಡಿಯ ಕಡೆಯ ನಮ್ಮ ಊರಿನಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು, ರೇಷ್ಮೆ ಹುಳಕ್ಕೆ ಹಾಕಿ, ಕೈ ತೊಳೆದುಕೊಂಡು ಕಾಲೇಜಿನ ಬಸ್ಸು ಹತ್ತಿದವರು. ಕನಕಪುರದಲ್ಲಿ ವಕೀಲಿಕೆ ಶುರುಮಾಡಿ, ಮಾಗಡಿಯಲ್ಲಿ ಮನೆ ಮಾಡಿ, ಅಲ್ಲಿಂದ ದಿನವೂ ರಾಮನಗರದ ಜಿಲ್ಲಾ ನ್ಯಾಯಾಲಯಕ್ಕೆ ಬಸ್ಸಿನಲ್ಲಿ ಓಡಾಡುತ್ತಾ ಬಂದವರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದ ಹೆಂಗಸರಿಗೆಲ್ಲ ಅವರದು ಒಂದೇ ಉತ್ತರ: “ಬಂದ ಗಂಡಿಗೆಲ್ಲ ಮುಂದಿನ ತಾರೀಖು ಕೊಟ್ಟೆ ಕಣವ್ವ. ಕೊನೆಗೆ ಪಾರ್ಟಿನೇ ಹಾಜರಾಗಲಿಲ್ಲ. ಕೇಸು ಡಿಸ್ಮಿಸ್ ಆಗೋಯ್ತು!”

ಇಂಥವರಿಗೆ ಈ ವಯಸ್ಸಿನಲ್ಲಿ ಮನೆ ಬದಲಾಯಿಸುವ ಉಸಾಬರಿ ಯಾಕೆ ಬಂತು? ಬಸ್ಸಿನಿಂದ ಇಳಿಯುವಾಗ ಕೊನೆಯ ಮೆಟ್ಟಿಲು ತಪ್ಪಿ ಬಿದ್ದರು. ಕಾಲು ಉಳುಕಿತು. ಅಷ್ಟೇ ಸಾಕಾಯಿತು ನಮ್ಮಪ್ಪನಿಗೆ. ಊರಿನಿಂದ ಮಾಗಡಿಗೆ ಬಂದವರೇ, ಮಂಚದ ಪಕ್ಕ ನಿಂತು ತೀರ್ಪು ಓದಿದರು.

“ಬೇಸಿಗೆ ರಜ ಮುಗ್ದು ಕೋರ್ಟು ತೆಗೆಯೋದ್ರೊಳಗೆ ರಾಮನಗರದಲ್ಲೇ, ನಡ್ಕೊಂಡು ಓಡಾಡೋ ಅಷ್ಟು ಹತ್ರ ಮನೆ ಮಾಡು. ಆಗ್ದಿದ್ರೆ ಆ ಕರೀ ಕೋಟು ಬಿಚ್ಚಿಟ್ಬುಟ್ಟು ಊರಿಗೆ ಬಾ. ಬಸ್ಸಡೀಲಿ ಬಿದ್ದೋಗಿ ಸಾಯ್ಬೇಡ.”

“ಊರಿಗೆ ಬಂದು ಏನ್ ಮಾಡ್ಲಣ್ಣ? ರೇಷ್ಮೆ ಹುಳದ ಮುಂದೆ ನಿಂತ್ಕೊಂಡು ವಾದ ಮಾಡ್ಲಾ? ಅವು ಸೊಪ್ಪು ತಿನ್ನೋದ್ ಬುಟ್ಟು ತಲೆ ಎತ್ತಿ ನೋಡಲ್ಲ.”

“ಜಡ್ಜು ಮಾತ್ರ ತಲೆ ಎತ್ತಿ ನೋಡ್ತಾರಾ?”

ಅತ್ತೆಗೆ ನಗು ಬಂತು. ಆದರೆ ಅಪ್ಪ ನಗಲಿಲ್ಲ. ಅಣ್ಣನ ಮಾತನ್ನು ಅತ್ತೆ ಜೀವಮಾನದಲ್ಲಿ ಎಷ್ಟೋ ಸಲ ತಳ್ಳಿಹಾಕಿದ್ದಾರೆ. ಈ ಸಲ ಮಾತ್ರ ಒಪ್ಪಿಕೊಂಡರು. ಆ ಒಪ್ಪಿಗೆಯಲ್ಲಿ ಏನೋ ಇದೆ ಎಂದು ನನಗೆ ಆಗಲೇ ಅನ್ನಿಸಿತ್ತು ಎಂದು ಬರೆಯುವ ಆಸೆಯಾಗುತ್ತದೆ. ಅನ್ನಿಸಿರಲಿಲ್ಲ.

ಹೀಗೆ ಶುರುವಾಯಿತು ಮಹಜರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಒಂದು ಜಾಗದ ಬಗ್ಗೆ ತಕರಾರು ಬಂದಾಗ ಅಲ್ಲಿಗೇ ಹೋಗಿ, ಪಂಚರೆಂದು ಇಬ್ಬರು ಸಾಕ್ಷಿಗಳನ್ನು ನಿಲ್ಲಿಸಿಕೊಂಡು, ಕಣ್ಣಿಗೆ ಕಂಡದ್ದನ್ನು ಕಂಡಹಾಗೆ ಬರೆದು ರುಜು ಹಾಕಿಸಿಕೊಳ್ಳುವುದು ಸ್ಥಳ ಮಹಜರು. ಲೋಕದಲ್ಲಿ ಎಲ್ಲರೂ ಮನೆ ನೋಡಲು ಹೋಗುತ್ತಾರೆ. ನಮ್ಮತ್ತೆ ಬಾಡಿಗೆ ಮನೆಗಳ ಮೇಲೆ ಮಹಜರು ನಡೆಸಲು ಹೋದರು!

ಮೊದಲನೆಯ ಪಂಚಳು ನಾನು. ಚನ್ನಪಟ್ಟಣದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ, ನನಗೂ ರಜೆ. ಎರಡನೆಯವನು ಆಟೋ ಸಿದ್ದರಾಜು, ನಡುವಯಸ್ಸಿನ ಗೃಹಸ್ಥ. ಜಮೀನಿನ ಗಡಿಯ ಅವನ ದಾವೆಯನ್ನು ಅತ್ತೆಯೇ ನಡೆಸಿದ್ದರು, ಅತ್ತೆಯೇ ಸೋತಿದ್ದರು. ಅಂದಿನಿಂದ ಅವನು ಅತ್ತೆಯ ಭಕ್ತ. “ಇವ್ರೇ ನನ್ ಕೇಸು ಸೋತಿದ್ದು,” ಎಂದು ಕಂಡವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಾನೆ. “ಆದ್ರೆ ಎಂಗೆ ಸೋತ್ರು ಅಂತೀರಾ! ಗೆದ್ದೋನೇ ಬಂದು ಕೈ ಮುಗ್ದ.”

ಮೊದಲ ಮನೆ ಹೆದ್ದಾರಿಯ ಆಚೆಗಿನ ಹೊಸ ಬಡಾವಣೆಯಲ್ಲಿತ್ತು. ನೇರ ರಸ್ತೆಗಳು, ಒಂದೇ ಅಚ್ಚಿನ ಮನೆಗಳು, ಗೇಟಿಗೆ ಗೇಟು ಅಣ್ಣತಮ್ಮ. ಬ್ರೋಕರ್ ಕೈ ಚಾಚಿ, “ಮೇಡಂ, ವಾತಾವರಣ ನೋಡಿ. ಎಷ್ಟು ಪ್ರಶಾಂತ!” ಎಂದ.

ಅತ್ತೆ ಬೀದಿಯ ನಡುವೆ ನಿಂತು ತಲೆ ವಾರೆ ಮಾಡಿ ಕಿವಿಗೊಟ್ಟರು. ಕೊಡೆಯ ತುದಿಯಿಂದ ನೆಲವನ್ನು ಒಮ್ಮೆ ಕುಟ್ಟಿದರು. “ಏನೂ ಕೇಳಿಸ್ತಿಲ್ವಲ್ಲಪ್ಪ?”

“ಅದೇ ಮೇಡಂ ಪ್ರಶಾಂತ ಅಂದ್ರೆ!”

“ಹೆಣ ಎತ್ತಿದ ಮನೇಲೂ ಹಿಂಗೇ ಪ್ರಶಾಂತವಾಗಿರ್ತದೆ. ಅಲ್ಲಿ ಯಾರಾದ್ರೂ ಬಾಡಿಗೆಗೆ ಬತ್ತೀನಿ ಅಂತಾರಾ?” ಆಮೇಲೆ ನನ್ನ ಕಡೆ ತಿರುಗಿದರು. “ಪಂಚಳೇ, ಹೇಳು. ಏನು ಕಾಣ್ತದೆ?”

“ಚೆನ್ನಾಗಿದೆ ಅತ್ತೆ. ಚೆಂದದ ಮನೆ.”

“ಚೆಂದ ಅನ್ನೋದು ನಿನ್ನ ಅಭಿಪ್ರಾಯ. ಅಭಿಪ್ರಾಯ ಯಾರಿಗೆ ಬೇಕು? ಕಂಡದ್ದ ಹೇಳು, ಅಂದ್ಕೊಂಡದ್ದ ಹೇಳ್ಬೇಡ.”

“ಮುಂದೆ ಮೆಟ್ಟಿಲು ಇವೆ. ಹಿಡಿದುಕೊಳ್ಳಲು ಕಂಬಿ ಇಲ್ಲ. ಹೊಸಿಲು ಎತ್ತರ. ಗೇಟಿನ ಪಕ್ಕ ಮುಚ್ಚದ ಚರಂಡಿ.”

“ಹಂಗೆ ಬಾ ದಾರಿಗೆ. ಸಿದ್ದರಾಜು, ನೀನು?”

“ಆ ಯಮ್ಮ ಹೇಳಿದ್ದೇ ಕಂಡೆ ಕಣಕ್ಕ.”

“ಪಕ್ಕದ ಸಾಕ್ಷಿ ಹೇಳಿದ್ದನ್ನೇ ಒಪ್ಪಿಸ್ತಿಯಲ್ಲ, ಅದ್ಕೇ ಕಣ್ಲಾ ನಿನ್ ಕೇಸು ಸೋತಿದ್ದು!”

ಕೊನೆಗೆ ಒಂದು ಪ್ರಶ್ನೆ ಉಳಿದಿತ್ತು. “ಬೆಟ್ಟ ಕಾಣ್ತದಾ?” ಕಾಣುತ್ತದೆ ಎಂದೆ. “ಬೆಟ್ಟದ ಮೇಲೆ ಹದ್ದು?” ಬಾಡಿಗೆಗೂ ಹದ್ದಿಗೂ ಏನು ಸಂಬಂಧ! ಕನಕಪುರದಿಂದ ಹೊಸದಾಗಿ ರಾಮನಗರಕ್ಕೆ ಕೇಸಿಗೆಂದು ಬರುತ್ತಿದ್ದ ದಿನಗಳಲ್ಲಿ, ಅತ್ತೆ ಮಾತಾಡಿಸುವವರಿಲ್ಲದೆ ಒಬ್ಬರೇ ಬುತ್ತಿ ಬಿಚ್ಚಿ ಕೂತಾಗ, ರಾಮದೇವರ ಬೆಟ್ಟದ ಮೇಲೆ ಸುತ್ತುತ್ತಿದ್ದ ರಣಹದ್ದುಗಳನ್ನು ನೋಡುತ್ತಾ ಉಣ್ಣುತ್ತಿದ್ದರಂತೆ. ನಾನು ಹಣೆಗೆ ಕೈಯಿಟ್ಟು ನೋಡಿದೆ. ಬಂಡೆ, ಆಕಾಶ, ಮತ್ತೇನಿಲ್ಲ.

“ಇಲ್ಲ ಅತ್ತೆ.”

“ಇಲ್ಲ ಅಂತ ಬರ್ಕೊ.”

ನನ್ನ ಡೈರಿಯ ಹಿಂದಿನ ಪುಟದಲ್ಲಿ ಬರೆದುಕೊಂಡೆ: ಹದ್ದು ಇಲ್ಲ. ಬ್ರೋಕರ್ ಅಷ್ಟರಲ್ಲಿ ಫೋನನ್ನು ಕಿವಿಗಿಟ್ಟುಕೊಂಡು “ಹಲೋ, ಹಲೋ” ಎನ್ನುತ್ತಾ ಬೈಕು ಹತ್ತಿದ್ದ.

ಎರಡನೆಯದು ನಿವೃತ್ತ ಇಂಜಿನಿಯರ್ ಒಬ್ಬರ ಮನೆಯ ಕೆಳಭಾಗ. ಒಳಗೆ ಕಾಲಿಟ್ಟರೆ ಮಬ್ಬುಗತ್ತಲು, ಪರದೆಗಳನ್ನೆಲ್ಲ ಎಳೆದಿದ್ದರು. ನಾನು, ಸಿದ್ದರಾಜು ಚಪ್ಪಲಿ ಬಿಡುತ್ತಿದ್ದೆವು. ಅತ್ತೆ ಮುಂದೆ ಹೋಗಿ, ಎರಡು ಕೈ ಜೋಡಿಸಿ, ಗಟ್ಟಿಯಾಗಿ ಶುರುಮಾಡಿಯೇಬಿಟ್ಟರು.

“ನಮಸ್ಕಾರ. ತಾವೇ ಅಲ್ವಾ ಮಾಲೀಕರು? ನಾನು ವಕೀಲೆ. ವಕೀಲರಿಗೆ, ಪೊಲೀಸ್ನೋರಿಗೆ ಮನೆ ಕೊಡಲ್ಲ ಅನ್ನೋದು ನಿಮ್ಮ ಮನಸ್ಸಲ್ಲಿದ್ರೆ ಈಗ್ಲೇ ಹೇಳ್ಬುಡಿ. ಯಾಕ್ ಸುಮ್ಕೆ ನಿಂತಿದ್ದೀರಿ? ಪ್ರಶ್ನೆ ಅರ್ಥ ಆಯ್ತಾ? ಹೌದೋ ಇಲ್ವೋ ಅಷ್ಟೇ ಹೇಳಿ!”

ಉತ್ತರ ಬರಲಿಲ್ಲ. ಬರುವುದಾದರೂ ಹೇಗೆ? ಅತ್ತೆ ಪಾಟೀ ಸವಾಲು ಹಾಕುತ್ತಿದ್ದುದು ಗೂಟಕ್ಕೆ ತಗುಲಿಹಾಕಿದ್ದ ಒಂದು ರೈನ್‌ಕೋಟಿಗೆ! ಅದರ ಮೇಲೊಂದು ಹೆಲ್ಮೆಟ್ಟು. ಸಿದ್ದರಾಜು ಗೋಡೆ ಹಿಡಿದುಕೊಂಡು ನಕ್ಕ. ನಾನು ನೆಲದ ಮೇಲೇ ಕೂತು ನಕ್ಕೆ. ಅತ್ತೆಯೂ ನಕ್ಕರು. “ನಲವತ್ತು ವರ್ಷದಲ್ಲಿ ಇಂಥ ಗಟ್ಟಿ ಸಾಕ್ಷಿ ನೋಡಿಲ್ಲ ಕಣ್ಲಾ, ಬಾಯೇ ಬಿಡಲ್ಲ ಅಂತದೆ!”

ಆಮೇಲೆ ನಿಜವಾದ ಮಾಲೀಕರು ಬಂದರು. “ವಕೀಲರಾ? ತಪ್ಪು ತಿಳೀಬೇಡಿ, ವಕೀಲರಿಗೆ ಕೊಟ್ರೆ ಖಾಲಿ ಮಾಡಿಸೋಕಾಗಲ್ಲ ಅಂತಾರೆ.”

“ಅದಂತೂ ನಿಜ,” ಎಂದರು ಅತ್ತೆ ಪ್ರಾಮಾಣಿಕವಾಗಿ.

“ಮನೇಲಿ ಮಾಂಸ ಮಾಡ್ತೀರಾ?”

“ಭಾನುವಾರ ಮಾತ್ರ. ಮಿಕ್ಕ ದಿನ ಕೋರ್ಟಲ್ಲಿ ಯಾರ್ದಾದ್ರೂ ತಿಂದ್ಕೋತೀನಿ.”

ಅಲ್ಲಿಗೆ ಆ ಮನೆಯೂ ಮುಗಿಯಿತು.

ಆ ರಾತ್ರಿಯ ನನ್ನ ಡೈರಿಯಲ್ಲಿ ಒಂದೇ ಸಾಲಿದೆ: “ಇವತ್ತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.” ಆದರೆ ಈಗ ನೆನೆದರೆ, ಅತ್ತೆ ನಕ್ಕದ್ದು ನಮಗಿಂತ ಒಂದು ಕ್ಷಣ ತಡವಾಗಿ ಎಂದು ಕಾಣುತ್ತದೆ. ಮೊದಲು ಕೈ ಚಾಚಿ ಆ ಕೋಟಿನ ತೋಳನ್ನು ಮುಟ್ಟಿ ನೋಡಿದರು, ಆಮೇಲೆ ನಕ್ಕರು. ನಿಜವಾಗಿ ಹಾಗಾಯಿತೇ? ಅಥವಾ ಮುಂದೆ ತಿಳಿದದ್ದನ್ನು ಹಿಂದಕ್ಕೆ ಒಯ್ದು ನಾನೇ ಆ ಗಳಿಗೆಗೆ ಹೊಲಿದಿದ್ದೇನೆಯೇ? ಸಿದ್ದರಾಜುವನ್ನು ಕೇಳಿದೆ. “ನೀವ್ ಹೇಳಿದ್ ಮ್ಯಾಕೆ ನಂಗೂ ಹಂಗೇ ಕಂಡಂಗಾಯ್ತದೆ,” ಎಂದ. ಇವನ ಸಾಕ್ಷಿ ಇಷ್ಟೇ!

ಕೋರ್ಟು ತೆಗೆಯುವ ದಿನ ಹತ್ತಿರವಾಗುತ್ತಿತ್ತು. ನೋಡಿದ ಮನೆಗಳೆಲ್ಲ ವಜಾ. ಒಂದು ಮನೆಯ ಬೀದಿ ತೀರಾ ಅಗಲವೆಂದು ಬಿಟ್ಟರು, ಇನ್ನೊಂದನ್ನು ಟೈಲ್ಸು ಹೊಳೆಯುತ್ತದೆಂದು. ನಾವು ಪಂಚರಿಬ್ಬರೂ ಬೇಸತ್ತಿದ್ದೆವು. ಸಂಜೆ ಅಪ್ಪ ಫೋನಿನಲ್ಲಿ, “ಸಿಕ್ತೇನವ್ವ? ಇಲ್ಲಿ ಕೋಣೆಗೆ ಸುಣ್ಣ ಹೊಡ್ಸಿವ್ನಿ,” ಎನ್ನುತ್ತಿದ್ದರು. ಸುಣ್ಣದ ಮಾತು ಬಂದಾಗ ಮಾತ್ರ ಅತ್ತೆ ಫೋನಿಟ್ಟು, ಬಾಗಿಲ ಹಿಂದೆ ನೇತಾಡುತ್ತಿದ್ದ ಕರಿಯ ಕೋಟಿನ ಧೂಳು ಕೊಡವುತ್ತಿದ್ದರು. ಅದರಲ್ಲಿ ಧೂಳೇ ಇರಲಿಲ್ಲ.

ಕೊನೆಗೆ ಹಳೆಯ ಪೇಟೆಯ ಆ ಗಲ್ಲಿ ಸಿಕ್ಕಿತು. ಸಿಕ್ಕಿತು ಎನ್ನುವುದಕ್ಕಿಂತ ಮೂಗಿಗೆ ಬಡಿಯಿತು ಎನ್ನಬೇಕು. ಗಲ್ಲಿಯ ಉದ್ದಕ್ಕೂ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಸಣ್ಣ ಕಾರ್ಖಾನೆಗಳು. ಬೆಂದ ಹುಳದ ಆ ವಾಸನೆಗೆ ಹೋಲಿಕೆ ಕೊಡುವ ಧೈರ್ಯ ನನಗಿಲ್ಲ. ಜೊತೆಗೆ ರಾಟೆಗಳ ಗರಗರ. ಸಿದ್ದರಾಜು ಟವೆಲಿನಿಂದ ಮೂಗು ಮುಚ್ಚಿಕೊಂಡ. ನಾನು ಸೆರಗಿನಿಂದ. ಅತ್ತೆ ಮಾತ್ರ ಎದೆತುಂಬ ಉಸಿರೆಳೆದುಕೊಂಡರು!

ಮನೆಯ ಒಡತಿ ಒಬ್ಬ ಮುಸ್ಲಿಂ ಅಜ್ಜಿ. ಬೀದಿಯವರಿಗೆಲ್ಲ ಆಕೆ ಖಾಲಾ, ಅಂದರೆ ಚಿಕ್ಕಮ್ಮ. ಬಾಗಿಲಲ್ಲೇ ನಿಂತು ಹೇಳಿದರು: “ವಾಸ್ನೆ ಇದೆ ಅಮ್ಮಾ. ಬೆಳಿಗ್ಗೆಯಿಂದ ಮಿಷನ್ ಸದ್ದೂ ಇದೆ. ಮೊದ್ಲೇ ಹೇಳ್ತೀನಿ, ಆಮೇಲೆ ಖಾಲಾ ಹೇಳ್ಲಿಲ್ಲ ಅನ್ಬೇಡಿ.”

“ನಾನು ವಕೀಲೆ. ನೀವು ಹೇಳಿದ ತಕ್ಷಣ ಮನೆ ಖಾಲಿ ಮಾಡಲ್ಲ ಅಂತ ಜನ ಹೇಳ್ತಾರೆ.”

“ಮಾಡ್ಬೇಡಿ. ನಾನೂ ಎಲ್ಲೂ ಹೋಗಲ್ಲ.”

ಅತ್ತೆ ನಮ್ಮ ಕಡೆ ತಿರುಗಿ, “ಬಂದಾಗಿಂದ ನಿಜ ಹೇಳಿದ ಮೊದಲನೇ ಸಾಕ್ಷಿ ಇವ್ರು ಕಣ್ರೋ,” ಎಂದರು. ಮನೆ ಸಣ್ಣದು. ಹೊಸಿಲು ತಗ್ಗು. ಮೇಲೊಂದು ತಾರಸಿ. ಬೆಟ್ಟ ಕಾಣುತ್ತಿತ್ತು; ಹದ್ದು ಇಲ್ಲ ಎಂದು ಬರೆದುಕೊಂಡೆ.

“ಅತ್ತೆ, ಈ ವಾಸನೆಯಲ್ಲಿ ಹೇಗೆ ಇರುತ್ತೀರಿ?”

“ಸೊಪ್ಪು ಹಾಕಿ ಹುಳ ಬೆಳೆಸಿದೋಳಿಗೆ ಹುಳದ ವಾಸ್ನೆ ಹೇಳ್ಕೊಡ್ತೀಯಾ? ಇನ್ನು ಕೋರ್ಟಿನ ದಾರಿ ನೋಡ್ಬೇಕು. ನಡೀರಿ. ಇಬ್ರೂ ಬಾಯಿ ಮುಚ್ಕೊಂಡು ಬನ್ನಿ.”

ವರ್ಷಗಟ್ಟಲೆ ಓಡಾಡಿದ ಪೇಟೆ, ಕೋರ್ಟಿನ ದಿಕ್ಕು ಅತ್ತೆಗೆ ಗೊತ್ತಿತ್ತು. ಅವರು ಮುಂದೆ, ಪಂಚರು ಹಿಂದೆ. ಕೊಡೆಯ ತುದಿ ಗೋಡೆಯಂಚನ್ನು ತಟ್ಟುತ್ತಾ ಹೋಗುತ್ತಿತ್ತು. ರಾಟೆಯ ಸದ್ದು ನಿಂತಲ್ಲಿ ನಿಧಾನಿಸಿದರು. ಹಿಟ್ಟಿನ ಗಿರಣಿಯಿಂದ ಮೆಣಸಿನಪುಡಿಯ ಘಾಟು ಬಂದಲ್ಲಿ ಬಲಕ್ಕೆ ತಿರುಗಿದರು. ಟೀ ಅಂಗಡಿಯ ಲೋಟಗಳ ಸದ್ದಿನ ಹತ್ತಿರ ಸೀನುತ್ತಾ ಒಂದು ಗಳಿಗೆ ನಿಂತು, ಮುಂದೆ ಹೋದರು. ದೊಡ್ಡ ರಸ್ತೆಯ ವಾಹನಗಳ ಅಬ್ಬರ ಶುರುವಾದಲ್ಲಿ ತಡೆದು ನಿಂತು ಕೇಳಿದರು:

“ಪಂಚಳೇ, ಎಡಗಡೆ ಏನೈತೆ?”

ಬಿಸಿಲು, ಸುಸ್ತು, ಹಸಿವು. ನಾನು ನಗುತ್ತಾ, “ಇಷ್ಟು ದೂರ ಬಂದಿದ್ದೀರಿ, ಅದೊಂದನ್ನು ನೀವೇ ನೋಡಿ ಅತ್ತೆ,” ಎಂದೆ.

ಅತ್ತೆ ನನ್ನ ಕಡೆ ತಿರುಗಿದರು. ಅವರ ದೃಷ್ಟಿ ನನ್ನ ಮುಖಕ್ಕೆ ನೇರವಾಗಿರಲಿಲ್ಲ, ಸ್ವಲ್ಪ ಪಕ್ಕಕ್ಕಿತ್ತು.

“ನೋಡೋ ಹಂಗಿದ್ದಿದ್ರೆ ನಿನ್ ಯಾಕೆ ಕೇಳ್ತಿದ್ದೆ?”

ಸಿದ್ದರಾಜು ಟವೆಲು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ. ಹೊಂಗೆ ಮರದ ನೆರಳಿನ ಕಟ್ಟೆಯ ಮೇಲೆ ಕೂತು ಅತ್ತೆ ಹೇಳಿದರು. ಕಣ್ಣಿನೊಳಗಿನ ಒತ್ತಡ ಜಾಸ್ತಿಯಾಗಿ ನೋಟದ ಅಂಚುಗಳು ಸವೆದಿವೆ. ಕೊಳವೆಯೊಳಗಿಂದ ನೋಡಿದ ಹಾಗೆ ನಡುವೆ ಮಾತ್ರ ಸ್ವಲ್ಪ ಉಳಿದಿದೆ. ಮಬ್ಬಿನಲ್ಲಿ ಅದೂ ಇಲ್ಲ. ಔಷಧಿ ಹಾಕಿದರೆ ಇರುವುದು ಉಳಿಯಬಹುದು, ಹೋದದ್ದು ಬರುವುದಿಲ್ಲ. ಬಸ್ಸಿನ ಮೆಟ್ಟಿಲು ತಪ್ಪಿದ್ದು ಅದಕ್ಕೇ.

“ಓದಿ ಹೇಳೋಕೆ ಜೂನಿಯರ್ ಹುಡ್ಗಿ ಅವ್ಳೆ. ವಾದಕ್ಕೆ ಬಾಯಿ ಸಾಕು, ಅದಿನ್ನೂ ಸವೆದಿಲ್ಲ. ಆದ್ರೆ ಕೋರ್ಟಿನ ಬಾಗ್ಲಿಗೆ ನನ್ ಕಾಲಲ್ಲೇ ನಾನು ಹೋಗ್ಬೇಕು ಕಣೇ. ನಾಳೆ ಪೂರ್ತಿ ಕತ್ತಲಾದ್ರೂ ದಾರಿ ತಪ್ಪಬಾರದು. ನಿಮ್ ಪ್ರಶಾಂತ ಬಡಾವಣೇಲಿ ಕಿವಿಗೆ, ಮೂಗಿಗೆ ಏನ್ ಸಿಕ್ತದೆ? ಅಲ್ಲಿ ಮನೆ ಬುಟ್ಟು ಹತ್ತು ಹೆಜ್ಜೆ ಹೋದ್ರೆ ನಾನು ಕಾಣೆಯಾದಂಗೆ.”

ನಾನು ಎಡಕ್ಕೆ ತಿರುಗಿ, “ಎಡಗಡೆ ಔಷಧಿ ಅಂಗಡಿ ಇದೆ ಅತ್ತೆ. ಅದರ ಮುಂದೆ ಒಂದು ಬೈಕು. ಆಚೆ ರಸ್ತೆ ದಾಟುವ ಜಾಗ,” ಎಂದೆ.

“ಹಂಗೆ ಬಾ ದಾರಿಗೆ,” ಎಂದರು.

ಮಾಗಡಿಯ ಸಾಮಾನು ಖಾಲಾ ಮನೆಗೆ ಬಂತು. ಮುಂದಿನ ದಿನಗಳಲ್ಲಿ ಅತ್ತೆ ಆ ದಾರಿಯನ್ನು ಪಾಠದ ಹಾಗೆ ಉರು ಹೊಡೆದರು. ರಜೆಯ ಕೋರ್ಟಿನ ಮುಚ್ಚಿದ ಗೇಟನ್ನು ಮುಟ್ಟಿ ಬರುವುದೇ ದಿನಚರಿ. ಗಿರಣಿಯವನಿಗೆ, “ಭಾನುವಾರ ಮೆಣಸಿನಕಾಯಿ ಹಾಕ್ಬೇಡಪ್ಪ, ಆವತ್ತು ಕೋರ್ಟಿಲ್ಲ. ಮಿಕ್ಕ ದಿನ ತಪ್ಪಿಸ್ಬೇಡ,” ಎಂದು ಹೇಳಿ ಬಂದರು. ಅವನು ಈ ಹೆಂಗಸಿಗೆ ಏನಾಗಿದೆ ಎಂಬಂತೆ ನನ್ನನ್ನು ನೋಡಿದ. ನಾನು ಪಂಚಳು, ಅಭಿಪ್ರಾಯ ಹೇಳುವ ಹಾಗಿಲ್ಲ.

ಕೋರ್ಟು ತೆಗೆಯುವ ಹಿಂದಿನ ದಿನ ಅಪ್ಪ ಬಂದರು, ಹೆಗಲ ಮೇಲೆ ರಾಗಿಯ ಚೀಲ. ಗಲ್ಲಿಯೊಳಕ್ಕೆ ಬರುತ್ತಲೇ ಮೂಗರಳಿಸಿದರು. “ಹುಳದ ಮನೆಗೆ ಬರಲ್ಲ ಅಂದೋಳು ಇಲ್ಲಿ ಬಂದು ಬೆಂದ ಹುಳದ ಮಧ್ಯ ಕೂತಿದ್ದೀಯಲ್ಲವ್ವ! ಊರಲ್ಲಿ ಇನ್ನೆಲ್ಲೂ ಮನೆ ಇರಲಿಲ್ವಾ?”

ಅತ್ತೆ ಚೀಲವನ್ನು ತಡವಿ ಗೋಡೆಗೆ ಒರಗಿಸಿದರು. “ಅಣ್ಣ, ಕಣ್ಣು ಹೋಯ್ತಾ ಐತೆ,” ಎಂದರು, ಸಾರಿಗೆ ಉಪ್ಪು ಕಮ್ಮಿ ಎನ್ನುವ ದನಿಯಲ್ಲಿ.

ಅಪ್ಪ ಚೀಲದ ಪಕ್ಕದಲ್ಲೇ ಕೂತರು. ಆಮೇಲೆ ನನ್ನನ್ನು ಕೇಳಿದರು: “ನಿಂಗ್ ಗೊತ್ತಿತ್ತಾ?”

“ಅವಳು ಪಂಚಳು,” ಎಂದರು ಅತ್ತೆ. “ಕಂಡದ್ದನ್ನ ಹೇಳ್ತಾಳೆ, ಕೇಳು.”

ಹೇಳಿದೆ. “ಅತ್ತೆ ಈ ಮನೆಯಿಂದ ಕೋರ್ಟಿನ ಗೇಟಿನವರೆಗೆ ಒಬ್ಬರೇ ಹೋದರು. ಒಬ್ಬರೇ ವಾಪಸು ಬಂದರು. ದಿನಾ. ಅಷ್ಟನ್ನು ಕಂಡಿದ್ದೇನೆ.”

ಅಪ್ಪ ಎದ್ದರು. “ಎಲ್ಲಿ, ಹೋಗು. ನಾ ನೋಡ್ಬೇಕು. ನಾನ್ ಬರಲ್ಲ, ಇಲ್ಲೇ ಬಾಗ್ಲಲ್ಲಿ ನಿಂತಿರ್ತೀನಿ.”

ಅತ್ತೆ ಕೊಡೆ ಹಿಡಿದು ಹೊರಟರು. ಬಾಗಿಲಲ್ಲಿ ನಿಂತಿರುತ್ತೇನೆ ಎಂದ ಅಪ್ಪ, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು, ಸದ್ದಾಗದಂತೆ ತುದಿಗಾಲಿನಲ್ಲಿ ತಂಗಿಯ ಹಿಂದೆ ಹೊರಟರು! ಎಪ್ಪತ್ತರ ಹತ್ತಿರದ ಮನುಷ್ಯ, ನಡುಮಧ್ಯಾಹ್ನ, ಕೋಳಿ ಕದಿಯಲು ಬಂದವನ ಹಾಗೆ. ಅವರ ಹಿಂದೆ ನಾನು, ನನ್ನ ಹಿಂದೆ ಸಿದ್ದರಾಜು. ಈ ಮೆರವಣಿಗೆ ರಾಟೆ ದಾಟಿತು, ಗಿರಣಿ ದಾಟಿತು. ಟೀ ಅಂಗಡಿಯ ಮುಂದಿದ್ದವರು ಲೋಟ ಹಿಡಿದುಕೊಂಡೇ ನೋಡಿದರು. ದೊಡ್ಡ ರಸ್ತೆಯ ಅಂಚಿನಲ್ಲಿ ಅತ್ತೆ ನಿಂತರು. ಅಪ್ಪನ ಕೈ ತಾನಾಗಿ ಮುಂದೆ ಹೋಯಿತು. ಆದರೆ ಮುಟ್ಟಲಿಲ್ಲ. ವಾಹನಗಳ ಸದ್ದು ತೆಳುವಾದಾಗ ಅತ್ತೆ ದಾಟಿದರು. ಗೇಟನ್ನು ಮುಟ್ಟಿದರು. ತಿರುಗದೆಯೇ ಹೇಳಿದರು:

“ಅಣ್ಣ, ಚಪ್ಪಲಿ ಹಾಕ್ಕೊ. ಟಾರು ಸುಡ್ತದೆ.”

ವಾಪಸು ಬಂದ ಮೇಲೆ ಅಪ್ಪ ಕೋಣೆಗೆ ಹೊಡೆಸಿದ ಸುಣ್ಣದ ಮಾತೆತ್ತಲಿಲ್ಲ. ಮನೆಯ ಮುಂದಿನ ಮೆಟ್ಟಿಲ ಕಲ್ಲೊಂದು ಅಲ್ಲಾಡುತ್ತದೆಂದು ಗೊಣಗಿ, ಖಾಲಾ ಹತ್ತಿರ ಹಾರೆ ಇಸಿದುಕೊಂಡು, ಕುಕ್ಕರಗಾಲಿನಲ್ಲಿ ಕೂತು ಅದನ್ನು ಕೂರಿಸಿದರು. ಕೂರಿಸಿ, ಕಣ್ಣು ಮುಚ್ಚಿಕೊಂಡು ಅದರ ಮೇಲೆ ಹತ್ತಿ ಇಳಿದರು. ಮತ್ತೆ ಹತ್ತಿ ಇಳಿದರು. ಆಮೇಲೆ ಊರಿನ ಬಸ್ಸಿಗೆ ಹೊರಟರು.

ಸಂಜೆ ಅತ್ತೆ, ನಾನು ತಾರಸಿಯ ಮೇಲಿದ್ದೆವು. ನಾಳೆಗೆಂದು ಇಸ್ತ್ರಿ ಮಾಡಿದ ಕರಿಯ ಕೋಟು ಅವರ ತೊಡೆಯ ಮೇಲಿತ್ತು. ಕೆಳಗೆ ರಾಟೆಗಳು ಒಂದೊಂದಾಗಿ ನಿಂತವು. ಮಸೀದಿಯಿಂದ ಸಂಜೆಯ ಆಜಾನ್ ಕೇಳಿತು. ಬೆಟ್ಟದ ಬಂಡೆ ಕೆಂಪಾಗಿ, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಅತ್ತೆ ಮುಖವನ್ನು ಆ ಕಡೆಗೇ ಇಟ್ಟು ಕೂತಿದ್ದರು.

“ಬೆಟ್ಟ ಕಾಣ್ತದಾ?”

“ಕಾಣ್ತದೆ.”

“ಹದ್ದು?”

ನೋಡಿದೆ. ಬಂಡೆ, ಆಕಾಶ, ಮತ್ತೇನಿಲ್ಲ.

“ಇದೆ ಅತ್ತೆ. ಒಂದು. ನಿಧಾನವಾಗಿ ಸುತ್ತುತ್ತಾ ಇದೆ.”

ಅತ್ತೆ ಕೋಟಿನ ಮಡಿಕೆಯನ್ನು ಬೆರಳಿನಿಂದ ತೀಡುತ್ತಾ, “ಆಜಾನ್ ಆದ್ಮೇಲೆ ಹದ್ದು ಹಾರಲ್ಲ ಕಣೇ. ಆ ಹೊತ್ಗೆ ಎಲ್ಲ ಗೂಡು ಸೇರ್ಕೊಂಡಿರ್ತವೆ,” ಎಂದರು.

ಸಿಕ್ಕಿಬಿದ್ದ ಸಾಕ್ಷಿ ನಾನು.

“ಡೈರಿ ಎಲ್ಲೈತೆ?”

“ಇಲ್ಲೇ ಇದೆ.”

“ಎರಡು ಅಂತ ಬರ್ಕೊ,” ಎಂದರು ಅತ್ತೆ. “ಒಂದೇ ಆದ್ರೆ, ಪಾಪ, ಅದಕ್ಕೆ ಬೇಜಾರಾಯ್ತದೆ.”